ನಿತ್ಯದ ಆಹಾರದಲ್ಲಿ ನೈಸರ್ಗಿಕ ವಿಕಿರಣ: ಅಳತೆ ಮತ್ತು ಅಪಾಯ

ವಿಕಿರಣವೆಂದೊಡನೆ ಪರಮಾಣು ಸ್ಥಾವರಗಳು ನೆನಪಾಗುವುದು ಸಹಜ. ಆದರೆ ನಾವು ನಿತ್ಯವೂ ಸೇವಿಸುವ ಅನ್ನ, ಬೇಳೆ, ಹಾಲು, ಹಣ್ಣು, ಮೀನುಗಳಲ್ಲಿಯೂ ವಿಕಿರಣಶೀಲ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ಭೂಮಿಯ ಉಗಮಕಾಲದಿಂದಲೂ ಮಣ್ಣಿನಲ್ಲಿರುವ ಪೊಟ್ಯಾಸಿಯಂ-40, ಯುರೇನಿಯಂ ಹಾಗೂ ಥೋರಿಯಂ, ಅಲ್ಲದೆ ಯುರೇನಿಯಂ ಮತ್ತು ಥೋರಿಯಂಗಳ ಕ್ಷಯದಿಂದ ಹುಟ್ಟುವ ರೇಡಿಯಂ, ಸೀಸ-210, ಪೊಲೋನಿಯಂ-210 ಮುಂತಾದವು ಇವುಗಳಲ್ಲಿ ಮುಖ್ಯವಾದವು.

ಇವುಗಳನ್ನು ಅಳೆಯುವುದು ತಾಳ್ಮೆಯ ಕೆಲಸ. ಒಬ್ಬ ವ್ಯಕ್ತಿ ದಿನವೊಂದರಲ್ಲಿ ಉಂಡಷ್ಟೇ ಆಹಾರದ ಇನ್ನೊಂದು ಪಾಲನ್ನು ಸಂಗ್ರಹಿಸಿ, ಒಣಗಿಸಿ, ಕುಲುಮೆಯಲ್ಲಿ ಬೂದಿ ಮಾಡುತ್ತಾರೆ. ಆ ಬೂದಿಯನ್ನು ಸೀಸದ ಕವಚದೊಳಗಿನ ಜರ್ಮೇನಿಯಂ ಶೋಧಕದ ಬಳಿ ಇರಿಸಿ, ಹೊಮ್ಮುವ ಗ್ಯಾಮಾ ಕಿರಣಗಳನ್ನು ಗಂಟೆಗಟ್ಟಲೆ ಎಣಿಸಬೇಕಾಗುತ್ತದೆ. ಪೊಟ್ಯಾಸಿಯಂ-40ನ್ನು ಅದರ 1460 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣದಿಂದ ಗುರುತಿಸಲಾಗುತ್ತದೆ. ಪೊಲೋನಿಯಂ ಮಾತ್ರ ಕುಲುಮೆಯ ಶಾಖಕ್ಕೆ ಹಾರಿಹೋಗುವುದರಿಂದ, ಆಹಾರವನ್ನು ಆಮ್ಲದಲ್ಲಿ ಕರಗಿಸಿ, ಬೆಳ್ಳಿಯ ಬಿಲ್ಲೆಯ ಮೇಲೆ ಅದನ್ನು ಲೇಪನಗೊಳಿಸಿ ಆಲ್ಫಾ ಕಣಗಳನ್ನು ಎಣಿಸುತ್ತಾರೆ. ಸೆಕೆಂಡಿಗೆ ಒಂದು ಪರಮಾಣು ಬೀಜದ ಕ್ಷಯವೇ ಒಂದು ಬೆಕೆರೆಲ್.

ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕೆರೆಲ್ ವಿಕಿರಣಶೀಲತೆಯಿದೆ. ಹಾಗಾದರೆ ಪೊಟ್ಯಾಸಿಯಂ ಹೇರಳವಾಗಿರುವ ಬಾಳೆಹಣ್ಣು, ಎಳನೀರುಗಳನ್ನು ತ್ಯಜಿಸಬೇಕೆ? ಅಗತ್ಯವಿಲ್ಲ. ಹೃದಯ, ಸ್ನಾಯು, ನರಗಳಿಗೆ ಅನಿವಾರ್ಯವಾದ ಈ ಧಾತುವನ್ನು ದೇಹವು ಒಂದೇ ಮಟ್ಟದಲ್ಲಿ ಕಾಯ್ದುಕೊಂಡು, ಹೆಚ್ಚಾದುದನ್ನು ಮೂತ್ರಪಿಂಡಗಳ ಮೂಲಕ ಹೊರಹಾಕುತ್ತದೆ. ವಯಸ್ಕರ ದೇಹದಲ್ಲಿ ಸದಾ ಸುಮಾರು 4,000 ಬೆಕೆರೆಲ್‌ನಷ್ಟು ಪೊಟ್ಯಾಸಿಯಂ-40 ಇರುತ್ತದೆ. ಹಣ್ಣು ತಿಂದ ಮಾತ್ರಕ್ಕೆ ಅದು ಏರುತ್ತಾ ಹೋಗುವುದಿಲ್ಲ. (ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ವಿಧಿಸುವ ಪಥ್ಯ ಹೃದಯಬಡಿತದ ರಕ್ಷಣೆಗಾಗಿ, ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ.)

ಪೊಲೋನಿಯಂ, ರೇಡಿಯಂಗಳ ವಿಷಯ ಬೇರೆ. ಇವುಗಳ ಮೇಲೆ ದೇಹಕ್ಕೆ ಅಂತಹ ಹಿಡಿತವಿಲ್ಲ. ಸೇವನೆ ಹೆಚ್ಚಿದಂತೆ ಸಂಚಯವೂ ಹೆಚ್ಚುತ್ತದೆ. ರೇಡಿಯಂ ಮೂಳೆಗಳಲ್ಲಿ ನೆಲೆಸುತ್ತದೆ. ಪೊಲೋನಿಯಂ ಮೃದ್ವಂಗಿಗಳಲ್ಲಿ ಮತ್ತು ಮೀನಿನ ಒಳಾಂಗಗಳಲ್ಲಿ ಹೆಚ್ಚು. ಆದ್ದರಿಂದಲೇ ಕರಾವಳಿಯ ಆಹಾರವನ್ನು ವಿಶೇಷವಾಗಿ ಪರೀಕ್ಷಿಸಲಾಗುತ್ತದೆ.

ವಿಶ್ವಸಂಸ್ಥೆಯ ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿಯ 2000ದ ವರದಿಯಂತೆ, ಪ್ರಕೃತಿಯಿಂದ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಅದರಲ್ಲಿ ಆಹಾರ ಮತ್ತು ನೀರಿನ ಪಾಲು ಸುಮಾರು 0.3 ಮಾತ್ರ. ಇಷ್ಟು ಅಲ್ಪ ಪ್ರಮಾಣದಿಂದ ಕ್ಯಾನ್ಸರ್ ಹೆಚ್ಚುವುದೇ ಎಂಬುದನ್ನು ರೋಗಿಗಳ ಎಣಿಕೆಯಿಂದ ಗುರುತಿಸಲಾಗದು. ಆದರೂ ಪ್ರಮಾಣಕ್ಕೆ ತಕ್ಕಷ್ಟು ಅಪಾಯ ಉಂಟೆಂದು ಭಾವಿಸಿಯೇ ಸುರಕ್ಷತಾ ಮಿತಿಗಳನ್ನು ನಿಗದಿಪಡಿಸುತ್ತಾರೆ.

ಆಳವಾದ ಕೊಳವೆಬಾವಿಗಳ ನೀರಿನ ಬಗ್ಗೆ ಮಾತ್ರ ಎಚ್ಚರ ಅಗತ್ಯ. ಅದರಲ್ಲಿ ಕರಗಿರುವ ಯುರೇನಿಯಂ, ವಿಕಿರಣಕ್ಕಿಂತ ಹೆಚ್ಚಾಗಿ ತನ್ನ ರಾಸಾಯನಿಕ ಗುಣದಿಂದ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನೀರನ್ನು ಕುದಿಸುವುದರಿಂದ ಯುರೇನಿಯಂ ಹೋಗುವುದಿಲ್ಲ. ಮಿತಿ ಮೀರಿರುವಲ್ಲಿ ಆರ್.ಒ. ಶುದ್ಧೀಕರಣ ಅಥವಾ ಬೇರೆ ಜಲಮೂಲವನ್ನು ಅವಲಂಬಿಸಬೇಕಾಗುತ್ತದೆ.