ಮನೆಯ ಈಜುಕೊಳವೂ ತಿಳಿನೀರೂ: ಒಂದು ಪಾಠ



ನಮ್ಮ ಬಾಲ್ಯದಲ್ಲಿ ಮನೆಯಂಗಳದ ನೀರೆಂದರೆ ಬಾವಿಯ ನೀರು. ಈಜು ಕಲಿಯಬೇಕೆಂದವರು ಕೆರೆಗೋ ಹೊಳೆಗೋ ಹೋಗಬೇಕಾಗಿತ್ತು. ಹೆಣ್ಣುಮಕ್ಕಳಿಗಂತೂ ಅದು ದುರ್ಲಭವೇ ಸರಿ. ಈಗ ಕಾಲ ಬದಲಾಗಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರ ಮನೆಯ ಹಿತ್ತಲಿನಲ್ಲಿಯೇ ಚಿಕ್ಕ ಈಜುಕೊಳಗಳಿರುತ್ತವೆ. ಮಕ್ಕಳು ಭಯವಿಲ್ಲದೆ ನೀರಿಗಿಳಿಯುವುದನ್ನು ಕಂಡು ನಮಗೆ ಸಂತೋಷವೇ ಆಗುತ್ತದೆ. ಆದರೆ ಕೊಳವನ್ನು ಕಟ್ಟಿಸುವುದು ಒಂದು ವಿದ್ಯೆ, ಅದರ ನೀರನ್ನು ಕಾಯುವುದು ಇನ್ನೊಂದು ವಿದ್ಯೆ. ಈ ಎರಡನೆಯದನ್ನು ಕುರಿತು ಎರಡು ಮಾತು ಬರೆಯಲು ನಮ್ಮನ್ನು ಪ್ರೇರಿಸಿದ್ದು ಒಂದು ಪತ್ರ.

2024ರ ಸೆಪ್ಟೆಂಬರ್ ತಿಂಗಳಿನಲ್ಲಿ ಮಲೆನಾಡಿನ ಕಾಫಿ ತೋಟವೊಂದರ ಗೃಹಿಣಿಯಾದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಳು: “ಟೀಚರೇ, ನಮ್ಮ ಕೊಳದ ನೀರು ಹಸಿರಾಗಿಹೋಗಿದೆ. ದಿನವೂ ಕ್ಲೋರಿನ್ ಗುಳಿಗೆ ಹಾಕಿಸುತ್ತೇವೆ. ದಸರಾ ರಜೆಗೆ ಅತಿಥಿಗಳು ಬರುವವರಿದ್ದಾರೆ. ನೋಡುವವರ ಮುಂದೆ ನಾಚಿಕೆಯಾಗುತ್ತದೆ. ವಿಜ್ಞಾನದ ತರಗತಿಯಲ್ಲಿ ತಾವು ಹೇಳಿದ್ದೊಂದೂ ನೆನಪಿಗೆ ಬರುವುದಿಲ್ಲ.” ಕಡೆಯ ಮಾತು ನಮ್ಮ ಮನಸ್ಸಿಗೆ ತಟ್ಟಿತು. ಶಾಲೆಯ ವಿಜ್ಞಾನದ ಉಪಾಧ್ಯಾಯಿನಿಯನ್ನೂ ಒಂದು ಪರೀಕ್ಷಾಪೆಟ್ಟಿಗೆಯನ್ನೂ ಕರೆದುಕೊಂಡು ಆ ಶನಿವಾರವೇ ಹೊರಟೆವು.

ಲೋಟದ ಪರೀಕ್ಷೆ

ಕೊಳವು 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳವಿದ್ದಿತು. ಎಂದರೆ 40 ಘನಮೀಟರ್, ಅಥವಾ 40,000 ಲೀಟರ್ ನೀರು. ನಾವು ಮೊದಲು ಮಾಡಿದ ಕೆಲಸಕ್ಕೆ ಯಾವ ಔಷಧವೂ ಬೇಕಾಗಲಿಲ್ಲ. ಅಡಿಗೆಮನೆಯಿಂದ ಒಂದು ಸ್ಟೀಲ್ ಲೋಟವನ್ನು ತರಿಸಿ, ದಾರ ಕಟ್ಟಿ, ಕೊಳದ ಆಳವಾದ ಕಡೆಯಲ್ಲಿ ಇಳಿಬಿಟ್ಟೆವು. ಎರಡು ಅಡಿ ಇಳಿಯುವಷ್ಟರಲ್ಲಿ ಲೋಟ ಕಣ್ಮರೆಯಾಯಿತು. ಮನೆಯವರು ನಕ್ಕರು. ಆಗ ನಾವು, “ಈ ಹೊಳೆಯುವ ಲೋಟವೇ ಕಾಣದಿದ್ದರೆ ಮಗುವೊಂದು ತಳದಲ್ಲಿ ಬಿದ್ದಿದ್ದರೆ ಕಂಡೀತೇ?” ಎಂದು ಕೇಳಿದೆವು. ನಗು ನಿಂತುಹೋಯಿತು. ಅದೇ ದಿನ ಬೆಳಿಗ್ಗೆ ಆಕೆಯ ಇಬ್ಬರು ಮಕ್ಕಳು ಅದೇ ನೀರಿನಲ್ಲಿ ಆಡಿದ್ದರು.

ಇದು ಬೆದರಿಸುವ ಮಾತಲ್ಲ. 2011ರ ಜೂನ್ ತಿಂಗಳಿನಲ್ಲಿ ಅಮೆರಿಕ ದೇಶದ ಮೆಸಚೂಸೆಟ್ಸ್ ಸಂಸ್ಥಾನದ ಫಾಲ್ ರಿವರ್ ಪಟ್ಟಣದಲ್ಲಿ ಒಬ್ಬ ಹೆಂಗಸು ಸಾರ್ವಜನಿಕ ಈಜುಕೊಳದಲ್ಲಿ ಮುಳುಗಿಹೋದಳು. ನೀರು ಕದಡಿದ್ದುದರಿಂದ ಆಕೆಯ ದೇಹವು ಎರಡು ದಿನಗಳವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ದಿನಗಳಲ್ಲಿ ಜನರು ಅದೇ ಕೊಳದಲ್ಲಿ ಈಜುತ್ತಲೇ ಇದ್ದರು. ಆದುದರಿಂದ ಕೊಳದ ನೀರು ತಿಳಿಯಾಗಿರಬೇಕೆಂಬುದು ಮೊದಲು ಜೀವರಕ್ಷಣೆಯ ಮಾತು. ಅತಿಥಿಗಳ ಕಣ್ಣಿಗೆ ಅಂದವಾಗಿ ಕಾಣುವುದು ಆಮೇಲಿನ ಮಾತು. ತಳ ಕಾಣದ ಕೊಳಕ್ಕೆ ಯಾರೂ ಇಳಿಯಕೂಡದು. ನಮ್ಮ ವಿದ್ಯಾರ್ಥಿನಿಯು ಕೂಡಲೇ ಕೊಳದ ಬೇಲಿಯ ಬಾಗಿಲಿಗೆ ಬೀಗ ಹಾಕಿಸಿದಳು. ಮೊದಲ ವಾರಕ್ಕೆ ಬರಬೇಕಾಗಿದ್ದ ಅತಿಥಿಗಳಿಗೆ ತಾನೇ ದೂರವಾಣಿಯ ಮೂಲಕ ತಿಳಿಸಿ, ಅವರು ಕೊಟ್ಟಿದ್ದ ಮುಂಗಡ ಹಣವನ್ನು ಹಿಂದಕ್ಕೆ ಕಳುಹಿಸಿದಳು. ಅದು ಸಣ್ಣ ನಷ್ಟವಾಗಿರಲಿಲ್ಲ.

ನೀರು ಹಸಿರಾಗುವುದೇಕೆ?

ಪಾಚಿಯು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿ. ಅದರ ಬೀಜಾಣುಗಳು ಗಾಳಿಯಿಂದಲೂ ಮಳೆಯಿಂದಲೂ ಬಂದು ಬೀಳುತ್ತಲೇ ಇರುತ್ತವೆ. ಬಿಸಿಲು, ಬೆಚ್ಚಗಿನ ನೀರು, ಕೊಳೆತ ಎಲೆ ಹಾಗೂ ಮಣ್ಣಿನಿಂದ ಇಳಿಯುವ ಸಾರ, ಇವು ಮೂರೂ ದೊರೆತರೆ ಅದು ಬೇಗನೆ ಹಬ್ಬುತ್ತದೆ. ಅದನ್ನು ತಡೆಯತಕ್ಕದ್ದು ಕ್ಲೋರಿನ್. ಸ್ವೀಡನ್ನಿನ ಷೀಲೆ ಎಂಬ ಪಂಡಿತನು 1774ರಲ್ಲಿ ಕಂಡುಕೊಂಡ ಈ ಅನಿಲಕ್ಕೆ, ಅದರ ಹಳದಿ ಮಿಶ್ರಿತ ಹಸಿರು ಬಣ್ಣದಿಂದ 1810ರಲ್ಲಿ ಹಂಫ್ರಿ ಡೇವಿಯು ಈ ಹೆಸರನ್ನಿಟ್ಟನು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಿಂದ ಊರಿನ ಕುಡಿಯುವ ನೀರಿಗೆ ನಿತ್ಯವೂ ಇದನ್ನು ಬೆರೆಸತೊಡಗಿದರು.

ಈಗ ನಮ್ಮ ವಿದ್ಯಾರ್ಥಿನಿಯ ಕೊಳದ ವಿಚಿತ್ರವನ್ನು ಕೇಳಿರಿ. ಪರೀಕ್ಷಿಸಿ ನೋಡಿದರೆ ಹತ್ತು ಲಕ್ಷ ಭಾಗ ನೀರಿಗೆ 2 ಭಾಗ ಕ್ಲೋರಿನ್ ಇದ್ದಿತು. ಸಾಮಾನ್ಯವಾಗಿ ಇರಬೇಕಾದುದು 1ರಿಂದ 3 ಭಾಗ. ಎಂದರೆ ಕಾವಲುಗಾರನೇನೋ ಇದ್ದಾನೆ, ಕಳ್ಳತನವೂ ನಡೆದಿದೆ! ಕಾವಲುಗಾರನ ಕೈಗಳನ್ನು ಯಾರೋ ಕಟ್ಟಿಹಾಕಿರಬೇಕಷ್ಟೆ. ಹಾಗೆ ಕಟ್ಟಿಹಾಕಿದವರು ಇಬ್ಬರಿದ್ದರು.

ಮೊದಲನೆಯದು ನೀರಿನ ಕ್ಷಾರಗುಣ. ಆಮ್ಲಕ್ಷಾರಗಳನ್ನು ಅಳೆಯಲು ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬಾತನು 1909ರಲ್ಲಿ ಪಿ.ಎಚ್. ಎಂಬ ಅಂಕವನ್ನು ಏರ್ಪಡಿಸಿದನು. 7 ಎಂದರೆ ಸಮ; ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಚುರುಕಾಗಿ ಕೆಲಸ ಮಾಡುವಂಥದು, ಇನ್ನೊಂದು ಬಹಳ ಮಂದವಾದುದು. ಅಂಕವು 7.5 ಇದ್ದಾಗ ಅರ್ಧಕ್ಕರ್ಧ ಚುರುಕು; 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಚುರುಕು, 8.2ಕ್ಕೆ ಏರಿದರೆ ಆರರಲ್ಲಿ ಒಂದು ಪಾಲು ಮಾತ್ರ. ಪಾಚಿಯು ಬಿಸಿಲಿನಲ್ಲಿ ಬೆಳೆಯುವಾಗ ನೀರಿನ ಇಂಗಾಲಾಮ್ಲವನ್ನು ಹೀರಿಕೊಂಡು ಅಂಕವನ್ನು ಏರಿಸುತ್ತದೆ. ಆ ಕೊಳದ ಅಂಕವು 8.2 ಇದ್ದಿತು.

ಎರಡನೆಯದು ಗುಳಿಗೆಯೊಳಗೇ ಅಡಗಿದ್ದಿತು. ಬಿಸಿಲು ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಕೆಡಿಸುವುದರಿಂದ, ಅದಕ್ಕೆ ನೆರಳಾಗಲೆಂದು ಸಯನೂರಿಕ್ ಆಮ್ಲವೆಂಬ ಪದಾರ್ಥವನ್ನು ಉಪಯೋಗಿಸುತ್ತಾರೆ. ಟ್ರೈಕ್ಲೋರ್ ಎಂಬ ಗುಳಿಗೆಗಳಲ್ಲಿ ಇದು ಕೂಡಿಕೊಂಡೇ ಇರುತ್ತದೆ. 30ರಿಂದ 50 ಭಾಗದವರೆಗೆ ಇದು ಉಪಕಾರಿ. ಆದರೆ ಕ್ಲೋರಿನ್ ಖರ್ಚಾಗಿಹೋಗುತ್ತದೆ, ಇದು ಹೋಗುವುದಿಲ್ಲ. ಗುಳಿಗೆಯಿಂದ 10 ಭಾಗ ಕ್ಲೋರಿನ್ ಸೇರಿದಾಗಲೆಲ್ಲ ಸುಮಾರು 6 ಭಾಗ ಸಯನೂರಿಕ್ ಆಮ್ಲವೂ ಸೇರುತ್ತದೆ. ದಿನಕ್ಕೆ 2 ಭಾಗದಂತೆ ನೂರು ದಿನ ಹಾಕಿದರೆ ಎಷ್ಟಾಯಿತೆಂದು ಚಿಕ್ಕ ಹುಡುಗಿಯರೂ ಲೆಕ್ಕ ಹಾಕಿಯಾರು: 120 ಭಾಗ! ನಮ್ಮ ಪರೀಕ್ಷಾಪೆಟ್ಟಿಗೆಯ ಅಳತೆಯು 100ಕ್ಕೇ ಮುಗಿಯುವುದರಿಂದ, ಕೊಳದ ನೀರಿಗೆ ಸಮಪಾಲು ಶುದ್ಧ ನೀರು ಬೆರೆಸಿ ಅಳೆದು ಇಮ್ಮಡಿಸಿದೆವು. ಉತ್ತರವು ಸುಮಾರು 120 ಬಂದಿತು. ಇಷ್ಟು ದಟ್ಟವಾದ ನೆರಳಿನಲ್ಲಿ ಕ್ಲೋರಿನ್ ನಿದ್ದೆಹೋದಂತೆಯೇ ಸರಿ. ನೀರು ಹಸಿರಾದಷ್ಟೂ ಮನೆಯವರು ಗುಳಿಗೆಗಳನ್ನು ಹೆಚ್ಚಿಸಿದರು. ಗುಳಿಗೆಗಳು ಹೆಚ್ಚಾದಷ್ಟೂ ರೋಗವು ಬಲಿಯಿತು.

ಇಷ್ಟು ಸಾಲದೆಂಬಂತೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟಿದ್ದ ಮೈಲುತುತ್ತವನ್ನು ಆಳೊಬ್ಬನು ಒಳ್ಳೆಯ ಮನಸ್ಸಿನಿಂದಲೇ ಎರಡು ಹಿಡಿ ಎರಚಿದ್ದನು. ಮೈಲುತುತ್ತಕ್ಕೆ ಪಾಚಿಯನ್ನು ಕೊಲ್ಲುವ ಶಕ್ತಿಯಿರುವುದು ನಿಜ. ಆದರೆ ಕ್ಷಾರದ ನೀರಿನಲ್ಲಿ ಅದು ಹೆಪ್ಪುಗಟ್ಟಿ ಕೆಳಗಿಳಿಯುತ್ತದೆ. ಬಿಳಿಯ ಮೆಟ್ಟಿಲುಗಳ ಮೇಲೆ ನೀಲಿಹಸಿರು ಕಲೆಗಳು ಮೂಡಿದ್ದವು. ಅವನನ್ನು ಗದರಿಸುವುದು ನ್ಯಾಯವಾಗಿರಲಿಲ್ಲ. ಅಳೆಯದೆ ಹಾಕುವುದನ್ನು ಅವನು ಯಜಮಾನರಿಂದಲೇ ಕಲಿತಿದ್ದನು.

ತಿಳಿಗೊಳಿಸಿದ ಕ್ರಮ

1. ಕೊಳದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಎಲೆಗಳನ್ನೆಲ್ಲ ಬಲೆಯಿಂದ ತೆಗೆಸಿದೆವು. ಎಲೆಗಳಿದ್ದರೆ ಕ್ಲೋರಿನ್ ಅವುಗಳ ಮೇಲೆಯೇ ವ್ಯರ್ಥವಾಗುತ್ತದೆ.

2. ಅರ್ಧ ನೀರನ್ನು ಹೊರಹಾಕಿ ಹೊಸ ನೀರು ತುಂಬಿಸಿ, ಚೆನ್ನಾಗಿ ಬೆರೆತ ಮೇಲೆ ಇನ್ನೊಮ್ಮೆ ಹಾಗೆಯೇ ಮಾಡಿಸಿದೆವು. 120 ಇದ್ದುದು 60 ಆಗಿ, 60 ಇದ್ದುದು 30 ಆಯಿತು. ಸಯನೂರಿಕ್ ಆಮ್ಲವನ್ನು ಕಡಿಮೆ ಮಾಡಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಕೊಳವನ್ನು ಪೂರ್ತಿಯಾಗಿ ಬರಿದುಮಾಡಲಿಲ್ಲ. ಮಳೆಗಾಲದಲ್ಲಿ ನೆಲದೊಳಗಿನ ನೀರಿನ ಒತ್ತಡವು ಬರಿದಾದ ಕೊಳವನ್ನು ಮೇಲಕ್ಕೆತ್ತಿ ಸೀಳಿಬಿಡುವುದುಂಟು. ಹೊರಹಾಕಿದ ನೀರನ್ನು ಮೀನುಗಳಿರುವ ತೋಡಿಗೆ ಬಿಡಿಸದೆ ಹುಲ್ಲಿನ ಬಯಲಿಗೆ ಹರಿಸಿದೆವು.

3. ಪಿ.ಎಚ್. ಅಂಕವನ್ನು 7.2ಕ್ಕೆ ಇಳಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ, ಪಂಪು ತಿರುಗುತ್ತಿರುವಾಗ ಸೇರಿಸಿದೆವು. ಕೈಚೀಲ ಹಾಗೂ ಕನ್ನಡಕವಿಲ್ಲದೆ ಈ ಕೆಲಸವನ್ನು ಮಾಡಬಾರದು. ಯಾವಾಗಲೂ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನು ಹಾಕಬಾರದು.

4. ಸೂರ್ಯಾಸ್ತವಾದ ಮೇಲೆ ಕ್ಲೋರಿನ್. 40,000 ಲೀಟರಿಗೆ 1 ಭಾಗವೆಂದರೆ 40 ಗ್ರಾಂ. 12 ಭಾಗಕ್ಕೆ 480 ಗ್ರಾಂ. ಹೊಸದಾದ ಬ್ಲೀಚಿಂಗ್ ಪುಡಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಕ್ಲೋರಿನ್ ಇರುವುದರಿಂದ ಸುಮಾರು ಒಂದೂವರೆ ಕಿಲೋ ಪುಡಿ ಬೇಕಾಯಿತು. ಅದನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಕೊಳಕ್ಕೆ ಸುರಿದೆವು. ಪ್ರತಿ ಸಂಜೆಯೂ ಅಳೆದು, ಕಡಿಮೆಯಾದಷ್ಟನ್ನು ತುಂಬಿಸಲು ಹೇಳಿದೆವು.

5. ಗೋಡೆ, ಮೂಲೆ, ಮೆಟ್ಟಿಲುಗಳನ್ನು ದಿನಕ್ಕೆರಡು ಸಲ ಬ್ರಷ್ಷಿನಿಂದ ಉಜ್ಜಬೇಕು. ಪಾಚಿಯ ಲೋಳೆಯು ಹರಿದ ಹೊರತು ಔಷಧವು ಒಳಗೆ ತಾಗುವುದಿಲ್ಲ.

6. ಮರಳಿನ ಶೋಧಕವು ಹಗಲಿರುಳೂ ನಡೆಯಬೇಕು. ಅದರ ಒತ್ತಡದ ಮುಳ್ಳು, ಶುಚಿಯಾಗಿದ್ದಾಗಿನ ಅಂಕಕ್ಕಿಂತ 8–10 ಪೌಂಡು ಏರಿದೊಡನೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ಟ್ರೈಕ್ಲೋರ್ ಗುಳಿಗೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಬೆಂಕಿ ಹೊತ್ತೀತು, ಸಿಡಿದೀತು. ಆಮ್ಲವನ್ನು ಇವೆರಡರಲ್ಲಿ ಯಾವುದಕ್ಕೆ ಬೆರೆಸಿದರೂ ವಿಷವಾಯು ಏಳುತ್ತದೆ. ಪ್ರತಿಯೊಂದಕ್ಕೂ ಬೇರೆ ಡಬ್ಬಿ, ಬೇರೆ ಸೌಟು, ಮಕ್ಕಳ ಕೈಗೆಟುಕದ ಬೇರೆ ಸ್ಥಳವಿರಲಿ.

ಕಾಯುವ ಪಾಠ

ಭಾನುವಾರ ಸಂಜೆ ನಾವು ಊರಿಗೆ ಹಿಂದಿರುಗಿದೆವು. ಬುಧವಾರ ಆಕೆಯ ಕರೆ ಬಂದಿತು. “ಟೀಚರೇ, ಹಸಿರೇನೋ ಹೋಯಿತು. ಈಗ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ. ಇನ್ನೂ ಒಂದಿಷ್ಟು ಏನಾದರೂ ಹಾಕಿಬಿಡಲೇ?” ಬಹು ಜನರು ಸೋಲುವುದು ಈ ಘಟ್ಟದಲ್ಲಿಯೇ. ಬೆಳ್ಳಗಾಗಿರುವುದು ಸತ್ತ ಪಾಚಿ. ಅದನ್ನು ಹೊರಗೆ ತೆಗೆಯುವುದು ಶೋಧಕದ ಕೆಲಸ. ಆ ಕೆಲಸಕ್ಕೆ ಔಷಧಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. “ಏನನ್ನೂ ಹಾಕಬೇಡಮ್ಮಾ. ಮರಳು ತೊಳೆ, ಗೋಡೆ ಉಜ್ಜು, ಅಳತೆ ಬರೆದಿಡು,” ಎಂದೆವು.

ಎರಡು ದಿನಗಳಲ್ಲಿಯೂ ಮಬ್ಬು ಕರಗದಿದ್ದರೆ ಪಟಿಕವನ್ನು ಉಪಯೋಗಿಸಬಹುದು. ನಮ್ಮ ಅಜ್ಜಿಯಂದಿರು ಕೆಂಪು ನೀರಿನ ಕೊಡದೊಳಗೆ ಚಿಲ್ಲದ ಬೀಜವನ್ನು ತೇಯ್ದು ತಿಳಿಗೊಳಿಸುತ್ತಿದ್ದುದೂ ಇದೇ ತತ್ತ್ವದಿಂದ. ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳ ಸೇರುತ್ತವೆ. ಎಷ್ಟು ಹಾಕಬೇಕೆಂಬುದನ್ನು ಮೊದಲು ನಾಲ್ಕು ಗಾಜಿನ ಭರಣಿಗಳಲ್ಲಿ ಕೊಳದ ನೀರನ್ನು ತುಂಬಿ, ಬೇರೆ ಬೇರೆ ಅಳತೆಯಲ್ಲಿ ಪಟಿಕ ಬೆರೆಸಿ ಪರೀಕ್ಷಿಸಿ ತಿಳಿಯಬೇಕು. ಪಂಪು ನಿಲ್ಲಿಸಿ ಒಂದು ರಾತ್ರಿ ಬಿಟ್ಟು, ತಳದ ಗಸಿಯನ್ನು ಶೋಧಕಕ್ಕೆ ಬಿಡದೆ ನೇರವಾಗಿ ಹೊರಕ್ಕೆ ಎಳೆಯತಕ್ಕದ್ದು. ನಮ್ಮ ವಿದ್ಯಾರ್ಥಿನಿಗೆ ಅದರ ಅಗತ್ಯ ಬೀಳಲಿಲ್ಲ. ಎಂಟನೆಯ ದಿನ ಲೋಟವು ತಳದಲ್ಲಿ ಹೊಳೆಯಿತು.

ಕೆಲಸ ಮುಗಿಯಿತೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಸೂರ್ಯ ಮುಳುಗಿದ ಮೇಲೊಮ್ಮೆ, ಹುಟ್ಟುವ ಮೊದಲೊಮ್ಮೆ ಕ್ಲೋರಿನ್ನನ್ನು ಅಳೆಯಿರಿ. ಬಿಸಿಲಿಲ್ಲದ ರಾತ್ರಿಯಲ್ಲಿ 1 ಭಾಗಕ್ಕಿಂತ ಹೆಚ್ಚು ಕಡಿಮೆಯಾದರೆ ನೀರಿನಲ್ಲಿ ಅದನ್ನು ತಿನ್ನುವ ಜೀವಿ ಇನ್ನೂ ಉಳಿದಿದೆ ಎಂದರ್ಥ. ಅಷ್ಟು ಕಡಿಮೆಯಾಗದಿದ್ದರೆ, ತಳವೂ ಕಂಡರೆ, ಕ್ಲೋರಿನ್ 4 ಭಾಗಕ್ಕಿಂತ ಕೆಳಗಿಳಿದ ಮೇಲೆ ಮಕ್ಕಳನ್ನು ಇಳಿಸಬಹುದು.

ತಿಳಿಯೆಲ್ಲವೂ ಶುದ್ಧವಲ್ಲ

ನೀರು ತಿಳಿಯಾಯಿತೆಂದು ಪರೀಕ್ಷೆಯನ್ನು ಬಿಡಬಾರದು. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಹುಟ್ಟುವ ಮಿದುಳಿನ ಜ್ವರಕ್ಕೆ ಮಕ್ಕಳೂ ದೊಡ್ಡವರೂ ಬಲಿಯಾದರು. ಬೆಚ್ಚಗಿನ ಸಿಹಿನೀರಿನಲ್ಲಿ ಬಾಳುವ ಇಂಥ ಜೀವಿಯು ಮೂಗಿನ ಮೂಲಕ ಒಳಹೊಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಸರಿಯಾದ ಅಳತೆಯ ಕ್ಲೋರಿನ್ ತಪ್ಪದೆ ಇದ್ದಲ್ಲಿ ಅದು ನಿಲ್ಲಲಾರದು. ಇನ್ನು, ಕೊಳದ ಬಳಿ ಮೂಗಿಗೆ ಹೊಡೆಯುವ ಘಾಟನ್ನು ಜನರು ಕ್ಲೋರಿನ್ ಹೆಚ್ಚಾದುದರ ಗುರುತೆಂದು ತಿಳಿಯುತ್ತಾರೆ. ಅದು ಬೆವರು, ಮೂತ್ರಗಳೊಡನೆ ಕೂಡಿ ಕೆಟ್ಟ ಕ್ಲೋರಿನ್ನಿನ ವಾಸನೆ. ಸ್ನಾನ ಮಾಡಿ ನೀರಿಗಿಳಿಯುವುದೂ, ಭೇದಿಯಾದ ಮಕ್ಕಳನ್ನು ಇಳಿಸದಿರುವುದೂ ಆದುದರಿಂದಲೇ ಅವಶ್ಯ.

ಹಳೆಯ ವಿದ್ಯಾರ್ಥಿನಿಯರೇ, ತರಗತಿಯಲ್ಲಿ ನಾವು ಹೇಳಿಕೊಟ್ಟ ಸೂತ್ರಗಳು ಮರೆತುಹೋದರೆ ಚಿಂತೆಯಿಲ್ಲ. ಮೊದಲು ನೋಡು, ಬಳಿಕ ಅಳೆ, ಆಮೇಲೆ ಔಷಧ ಹಾಕು, ಕಡೆಗೆ ಕಾದಿರು. ಈ ಅನುಕ್ರಮವನ್ನು ಮರೆಯದಿದ್ದರೆ ಸಾಕು. ಕೊಳಕ್ಕೆ ಬೇಲಿಯಿರಲಿ, ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರ ಕಣ್ಣು ಅವರ ಮೇಲೆಯೇ ಇರಲಿ.

ಆ ಸ್ಟೀಲ್ ಲೋಟವು ಮತ್ತೆ ಅಡಿಗೆಮನೆಗೆ ಹೋಗಲಿಲ್ಲವಂತೆ. ಕೊಳದ ಬೇಲಿಯ ಮೊಳೆಗೆ ಅದನ್ನು ತೂಗುಹಾಕಿದ್ದಾರೆ. ದಿನವೂ ಬೆಳಿಗ್ಗೆ ಮನೆಯ ಹಿರಿಯ ಮಗಳು, ಎಂಟು ವರ್ಷದವಳು, ಅದನ್ನು ಆಳದ ಕಡೆಯಲ್ಲಿ ಇಳಿಬಿಟ್ಟು ನೋಡುತ್ತಾಳೆ. ಕಂಡರೆ ಬಾಗಿಲು ತೆರೆಯುತ್ತದೆ. ಕಾಣದಿದ್ದರೆ, ಎಂಥ ಅತಿಥಿಗಳು ಬಂದಿದ್ದರೂ ಬೀಗವೇ.