ಆಟವೂ ಮಾತೂ

ಪ್ರವೇಶ: ಆಟವನ್ನು ನೋಡುವವರು ಸುಮ್ಮನೆ ನೋಡುವುದಿಲ್ಲ, ಮಾತನಾಡುತ್ತಾರೆ, ನಗುತ್ತಾರೆ, ಎದುರು ತಂಡವನ್ನು ಕೆಣಕುತ್ತಾರೆ. ಈ ಮಾತು ಯಾವಾಗ ವಿನೋದವಾಗುತ್ತದೆ, ಯಾವಾಗ ಗಾಯವಾಗುತ್ತದೆ ಎಂಬುದನ್ನು ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಕಥೆಯ ಮೂಲಕ ಈ ಪಾಠದಲ್ಲಿ ವಿವರಿಸಲಾಗಿದೆ.

ಆಟದ ಬಯಲಿನಲ್ಲಿ ಒಂದೇ ಸಮಯಕ್ಕೆ ಎರಡು ಆಟಗಳು ನಡೆಯುತ್ತಿರುತ್ತವೆ. ಒಂದು, ಆಟಗಾರರು ಗೆರೆಯ ಒಳಗೆ ಆಡುವ ಆಟ. ಇನ್ನೊಂದು, ಪ್ರೇಕ್ಷಕರು ಗೆರೆಯ ಹೊರಗೆ ಕುಳಿತು ಆಡುವ ಮಾತಿನ ಆಟ. ಮೊದಲನೆಯದಕ್ಕೆ ನಿಯಮಗಳುಂಟು, ತೀರ್ಪುಗಾರರುಂಟು, ಸೋಲು ಗೆಲವುಗಳ ಲೆಕ್ಕವುಂಟು. ಎರಡನೆಯದಕ್ಕೆ ಬರೆದಿಟ್ಟ ನಿಯಮಗಳಿಲ್ಲ. ಆದರೂ ಅದಕ್ಕೊಂದು ಮರ್ಯಾದೆಯುಂಟು. ಆ ಮರ್ಯಾದೆ ಎಂಥದು, ಅದನ್ನು ಮೀರಿದಾಗ ಏನಾಗುತ್ತದೆ ಎಂಬುದನ್ನು ಬೇಸ್‌ಬಾಲ್ ಆಟದ ಇತಿಹಾಸದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಬೇಸ್‌ಬಾಲ್ ಅಮೆರಿಕದಲ್ಲಿ ಮನೆಮಾತಾಗಿರುವ ಆಟ. ಕ್ರಿಕೆಟ್ಟನ್ನು ಬಲ್ಲ ನಮಗೆ ಅದು ತೀರ ಅಪರಿಚಿತವೆನಿಸದು. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ ಆಡುತ್ತಾರೆ. ಒಬ್ಬನು ಚೆಂಡನ್ನು ಎಸೆಯುತ್ತಾನೆ; ಎದುರು ತಂಡದ ದಾಂಡಿಗನು ಉರುಟಾದ ದಾಂಡಿನಿಂದ ಅದನ್ನು ಹೊಡೆದು ಓಡುತ್ತಾನೆ. ಚೌಕದ ಮೂಲೆಗಳಲ್ಲಿರುವ ‘ಬೇಸ್’ಗಳನ್ನು ಒಂದಾದ ಮೇಲೊಂದರಂತೆ ಮುಟ್ಟಿ, ಹೊರಟ ಸ್ಥಳಕ್ಕೆ ಮರಳಿದರೆ ಒಂದು ರನ್ನು. ಮೂವರು ಔಟಾದೊಡನೆ ಸರದಿ ಬದಲಾಗುತ್ತದೆ. ಹೀಗೆ ಒಂಬತ್ತು ಇನ್ನಿಂಗ್ಸುಗಳು ನಡೆಯಬೇಕು. ಇಷ್ಟು ಹೊತ್ತಿಗೆ ಪಂದ್ಯ ಮುಗಿಯಲೇಬೇಕೆಂಬ ಕಟ್ಟಳೆ ಇಲ್ಲ. 2023ರಲ್ಲಿ ಎಸೆತಗಳ ನಡುವಣ ಅವಧಿಗೆ ಗಡಿಯಾರವನ್ನು ಇಟ್ಟರು. ಅದಕ್ಕೆ ಮುಂಚೆ ಅಂಥ ಮಿತಿಯನ್ನು ಯಾರೂ ಗಡಿಯಾರ ಹಿಡಿದು ಅಳೆಯುತ್ತಿರಲಿಲ್ಲ. ಎಸೆಗಾರನು ಚೆಂಡನ್ನು ಉಜ್ಜುತ್ತ, ಟೋಪಿಯನ್ನು ಸರಿಪಡಿಸಿಕೊಳ್ಳುತ್ತ ನಿಂತಿರುವಾಗ ಪ್ರೇಕ್ಷಕರಿಗೆ ಬೇಕಾದಷ್ಟು ಬಿಡುವು. ಆ ಬಿಡುವನ್ನು ತುಂಬಿದುದೇ ಮಾತು. ಅಲ್ಲದೆ ಹಿಂದಿನ ದಿನಗಳಲ್ಲಿ ಒಂದು ತಂಡವು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ 154 ಪಂದ್ಯಗಳನ್ನು ಆಡುತ್ತಿತ್ತು. ಅವುಗಳಲ್ಲಿ ಅರ್ಧದಷ್ಟು ತನ್ನ ಊರಿನಲ್ಲಿಯೇ ನಡೆಯುತ್ತಿದ್ದವು. ಅದೇ ಜನ, ಅದೇ ಬೆಂಚು, ನಿನ್ನೆ ನಿಂತಲ್ಲಿಂದ ಇಂದು ಮುಂದುವರಿಯುವ ಹರಟೆ. ಇಂಥ ಹರಟೆಗೆ ಹೆಸರಾಗಿದ್ದ ಸ್ಥಳ ಬ್ರೂಕ್ಲಿನ್.

ಬ್ರೂಕ್ಲಿನ್ 1898ರವರೆಗೆ ಪ್ರತ್ಯೇಕ ನಗರವಾಗಿತ್ತು; ಆ ವರ್ಷ ಅದು ನ್ಯೂಯಾರ್ಕಿನೊಡನೆ ಸೇರಿಹೋಯಿತು. ಊರಿನ ಸ್ವಾತಂತ್ರ್ಯ ಹೋದರೂ ಅದರ ಹೆಸರಿನಲ್ಲಿ ಒಂದು ತಂಡ ಉಳಿಯಿತು. ಆ ತಂಡದ ಹೆಸರೇ ಒಂದು ವಿನೋದ. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಟ್ರಾಮುಗಳ ಸಂಚಾರ ಹೆಚ್ಚಿದಾಗ, ಅವುಗಳಿಗೆ ಸಿಕ್ಕದಂತೆ ಜಿಗಿದು ತಪ್ಪಿಸಿಕೊಳ್ಳುವವರೆಂದು ಇತರರು ಅಲ್ಲಿಯ ಜನರನ್ನು ಗೇಲಿ ಮಾಡುತ್ತಿದ್ದರು. ‘ತಪ್ಪಿಸಿಕೊಳ್ಳುವವರು’ ಎಂಬ ಅರ್ಥದ ‘ಡಾಡ್ಜರ್ಸ್’ ಎಂಬ ಮಾತನ್ನೇ ತಂಡವು ತನ್ನ ಹೆಸರಾಗಿ ಧರಿಸಿತು. 1913ರಲ್ಲಿ ಆ ತಂಡಕ್ಕಾಗಿ ಎಬೆಟ್ಸ್ ಫೀಲ್ಡ್ ಎಂಬ ಕ್ರೀಡಾಂಗಣ ತೆರೆಯಿತು. ಅಲ್ಲಿ ಆಸನಗಳು ಬಯಲಿಗೆ ಅದೆಷ್ಟು ಸಮೀಪದಲ್ಲಿದ್ದವೆಂದರೆ, ಪ್ರೇಕ್ಷಕನು ಆಡಿದ ಮಾತು ಆಟಗಾರನ ಕಿವಿಗೆ ಬೀಳುತ್ತಿತ್ತು. ಆಟಗಾರನು ಕೊಟ್ಟ ಉತ್ತರವು ಪ್ರೇಕ್ಷಕನಿಗೆ ಕೇಳಿಸುತ್ತಿತ್ತು.

ನ್ಯೂಯಾರ್ಕಿನಲ್ಲಿ ಆಗ ಇನ್ನೆರಡು ತಂಡಗಳಿದ್ದವು: ಮ್ಯಾನ್‌ಹ್ಯಾಟನ್ನಿನ ಜಯಂಟ್ಸ್ ಮತ್ತು ಬ್ರಾಂಕ್ಸಿನ ಯಾಂಕೀಸ್. ನೆರೆಹೊರೆಯವರ ನಡುವೆ ಕೀಟಲೆಗೆ ಕೊರತೆಯುಂಟೆ? 1934ರ ಆರಂಭದಲ್ಲಿ ಪತ್ರಕರ್ತರು ಜಯಂಟ್ಸ್ ತಂಡದ ನಿರ್ವಾಹಕ ಬಿಲ್ ಟೆರಿಯನ್ನು ಡಾಡ್ಜರ್ಸ್ ಬಗ್ಗೆ ವಿಚಾರಿಸಿದರು. ಅವನು ನಗುತ್ತ, “ಬ್ರೂಕ್ಲಿನ್ ಇನ್ನೂ ಲೀಗಿನಲ್ಲಿದೆಯೇ?” ಎಂದು ಕೇಳಿದನು. ಈ ಒಂದು ಮಾತು ಬ್ರೂಕ್ಲಿನ್ನಿನವರ ಎದೆಯಲ್ಲಿ ಮುಳ್ಳಿನಂತೆ ನಾಟಿತು. ಆ ಋತುವಿನ ಕೊನೆಯ ಎರಡು ಪಂದ್ಯಗಳು ಉಳಿದಿದ್ದಾಗ ಜಯಂಟ್ಸ್ ಹಾಗೂ ಸೇಂಟ್ ಲೂಯಿಸಿನ ಕಾರ್ಡಿನಲ್ಸ್ ತಂಡಗಳು ಅಗ್ರಸ್ಥಾನದಲ್ಲಿ ಸರಿಸಮವಾಗಿ ನಿಂತಿದ್ದವು. ಜಯಂಟ್ಸ್ ಎದುರಿಸಬೇಕಾಗಿದ್ದುದು ಡಾಡ್ಜರ್ಸ್ ತಂಡವನ್ನೇ. ಬ್ರೂಕ್ಲಿನ್ನಿನ ಅಭಿಮಾನಿಗಳು ಎದುರಾಳಿಗಳ ಕ್ರೀಡಾಂಗಣಕ್ಕೆ ದಂಡಾಗಿ ನುಗ್ಗಿದರು. ತಾವು ಇನ್ನೂ ಲೀಗಿನಲ್ಲಿರುವುದಾಗಿ ಟೆರಿಗೆ ಕೂಗಿ ತಿಳಿಸಿದರು. ಎರಡು ಪಂದ್ಯಗಳನ್ನೂ ಡಾಡ್ಜರ್ಸ್ ಗೆದ್ದಿತು. ಅಗ್ರಸ್ಥಾನವು ಕಾರ್ಡಿನಲ್ಸ್ ಪಾಲಾಯಿತು. ಪರಿಹಾಸಕ್ಕೆ ಇದಕ್ಕಿಂತ ತಕ್ಕ ಉತ್ತರ ದೊರೆಯುವುದು ಅಪರೂಪ.

ಬ್ರೂಕ್ಲಿನ್ನಿನ ಜನ ಪರರನ್ನು ಮಾತ್ರ ನಗುತ್ತಿದ್ದರೆಂದು ಭಾವಿಸಬಾರದು. ತಮ್ಮ ತಂಡವನ್ನೂ ಅವರು ಬಿಡುತ್ತಿರಲಿಲ್ಲ. ವಿಲ್ಲರ್ಡ್ ಮಲಿನ್ ಎಂಬ ವ್ಯಂಗ್ಯಚಿತ್ರಕಾರನು ಒಮ್ಮೆ ಟ್ಯಾಕ್ಸಿ ಹತ್ತಿದಾಗ ಅದರ ಚಾಲಕನು, ನಮ್ಮ ‘ಬಮ್’ಗಳು ಇಂದೇನು ಮಾಡಿದರೆಂದು ಕೇಳಿದನಂತೆ. ‘ಬಮ್’ ಎಂದರೆ ಕೆಲಸಕ್ಕೆ ಬಾರದ ಅಲೆಮಾರಿ. ಮಲಿನ್ ಹರಿದ ಕೋಟು, ತೂತು ಬಿದ್ದ ಬೂಟುಗಳ ಒಬ್ಬ ಅಲೆಮಾರಿಯ ಚಿತ್ರವನ್ನು ಬರೆದನು. ಅದು ತಂಡದ ಪ್ರತೀಕವೇ ಆಗಿಬಿಟ್ಟಿತು. ಮನೆಯ ಮಗನನ್ನು ತಾಯಿ ‘ದಡ್ಡ’ ಎಂದು ಬೈದರೆ ಅದು ಬೈಗುಳವಲ್ಲ. ಪಕ್ಕದ ಮನೆಯವರು ಅದೇ ಮಾತನ್ನು ಆಡಿದರೆ ಜಗಳವೇ ಆಗುತ್ತದೆ. ಬ್ರೂಕ್ಲಿನ್ನಿನಲ್ಲಿಯೂ ಹಾಗೆಯೇ.

ಅಲ್ಲಿಯ ಪ್ರೇಕ್ಷಕರಲ್ಲಿ ಹಿಲ್ಡಾ ಚೆಸ್ಟರ್ ಎಂಬಾಕೆ ಹೆಸರುವಾಸಿಯಾಗಿದ್ದಳು. ಆಕೆಯ ಕೂಗು ಇಡೀ ಬಯಲಿಗೆ ಕೇಳಿಸುತ್ತಿತ್ತು. ಹೃದಯದ ಕಾಯಿಲೆಯಾದ ಮೇಲೆ ಕೂಗಬಾರದೆಂದು ವೈದ್ಯರು ಎಚ್ಚರಿಸಿದರು. ಆಕೆ ಬಾಣಲೆಯನ್ನೂ ಕಬ್ಬಿಣದ ಸೌಟನ್ನೂ ತಂದು ಬಡಿಯತೊಡಗಿದಳು! ಆಟಗಾರರು ಆಕೆಗೆ ಹಸುವಿನ ಕೊರಳಿಗೆ ಕಟ್ಟುವ ಹಿತ್ತಾಳೆಯ ಗಂಟೆಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಪೀಟ್ ರೈಸರ್ ಎಂಬ ಆಟಗಾರನು ಮುಂದೆ ಹೇಳಿದ ಪ್ರಸಂಗವೊಂದುಂಟು. ಎಸೆಗಾರನನ್ನು ಬದಲಾಯಿಸುವಂತೆ ಸೂಚಿಸುವ ಚೀಟಿಯೊಂದನ್ನು ಹಿಲ್ಡಾ ಅವನ ಕೈಗೆ ಕೊಟ್ಟಳು. ಅವನು ಅದನ್ನು ನಿರ್ವಾಹಕ ಲಿಯೋ ಡುರೋಷರನಿಗೆ ತಲುಪಿಸಿದನು. ತಂಡದ ಅಧ್ಯಕ್ಷರೇ ಕಳುಹಿಸಿದ್ದಾರೆಂದು ತಿಳಿದು ಡುರೋಷರನು ಹಾಗೆಯೇ ಮಾಡಿದನು! ನಿಜ ತಿಳಿದಾಗ ಅವನಿಗೆ ಬಂದ ಕೋಪವನ್ನು ಊಹಿಸಿಕೊಳ್ಳಬಹುದು.

ಕ್ರೀಡಾಂಗಣದಲ್ಲಿ ಸಂಗೀತವೂ ಇತ್ತು. ಅಭಿಮಾನಿಗಳೇ ಕಟ್ಟಿಕೊಂಡ ವಾದ್ಯಗೋಷ್ಠಿಯೊಂದು, ಅಂಪೈರುಗಳು ಬಯಲಿಗೆ ಇಳಿದೊಡನೆ ಮೂರು ಕುರುಡಿಲಿಗಳನ್ನು ಕುರಿತ ಮಕ್ಕಳ ಹಾಡಿನ ಮಟ್ಟನ್ನು ನುಡಿಸುತ್ತಿತ್ತು. ಔಟಾದ ಎದುರಾಳಿಯು ಹಿಂದಿರುಗಿ ಬೆಂಚಿನ ಮೇಲೆ ಕುಳಿತುಕೊಳ್ಳುವವರೆಗೆ ಕಾದಿದ್ದು, ಅವನು ಕುಳಿತ ಕ್ಷಣದಲ್ಲಿಯೇ ತಮಟೆ ತಾಳಗಳನ್ನು ಧಡಲ್ಲನೆ ಬಾರಿಸುತ್ತಿತ್ತು. ಆಟದ ಹರಟೆ ರಂಗಭೂಮಿಗೂ ಚಲನಚಿತ್ರಕ್ಕೂ ಹಬ್ಬಿತು. ಅಬಟ್ ಮತ್ತು ಕಾಸ್ಟೆಲೊ ಎಂಬ ಹಾಸ್ಯಗಾರರ ಒಂದು ಪ್ರಹಸನದಲ್ಲಿ ಮೊದಲ ಬೇಸಿನ ಆಟಗಾರನ ಹೆಸರು ‘ಯಾರು’, ಎರಡನೆಯವನ ಹೆಸರು ‘ಏನು’, ಮೂರನೆಯವನ ಹೆಸರು ‘ಗೊತ್ತಿಲ್ಲ’! ಒಬ್ಬನು ಹೆಸರುಗಳನ್ನು ಕೇಳುತ್ತಾನೆ; ಇನ್ನೊಬ್ಬನು ಸರಿಯಾದ ಉತ್ತರವನ್ನೇ ಕೊಡುತ್ತಾನೆ; ಆದರೂ ಗೊಂದಲ ತೀರುವುದಿಲ್ಲ. 1945ರ ಒಂದು ಚಲನಚಿತ್ರದಲ್ಲಿ ಈ ಪ್ರಹಸನವನ್ನು ಅಳವಡಿಸಲಾಯಿತು. ಕೂಪರ್ಸ್‌ಟೌನಿನ ಬೇಸ್‌ಬಾಲ್ ವಸ್ತುಸಂಗ್ರಹಾಲಯದಲ್ಲಿ ಅದಕ್ಕೂ ಸ್ಥಾನ ದೊರೆಯಿತು.

ಇದುವರೆಗೆ ಹೇಳಿದುದೆಲ್ಲ ನಗುವಿನ ಕಥೆ. ಆದರೆ ಇದೇ ಬಯಲಿನಲ್ಲಿ ಮಾತು ವಿಷವಾದ ದಿನವೂ ಒಂದುಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಮೆರಿಕದ ದೊಡ್ಡ ತಂಡಗಳಲ್ಲಿ ಕರಿಯ ಜನರಿಗೆ ಪ್ರವೇಶವಿರಲಿಲ್ಲ. ಈ ಅನ್ಯಾಯವನ್ನು ಮುರಿಯಲು ನಿಶ್ಚಯಿಸಿದವನು ಡಾಡ್ಜರ್ಸ್ ತಂಡದ ಮುಖ್ಯಸ್ಥನಾಗಿದ್ದ ಬ್ರಾಂಚ್ ರಿಕಿ. ಅವನು ಆರಿಸಿದ ತರುಣ ಜ್ಯಾಕಿ ರಾಬಿನ್‌ಸನ್. ಎಂಥ ನಿಂದೆ ಬಂದರೂ ಎದುರುತ್ತರ ಕೊಡಬಾರದೆಂದು ರಿಕಿ 1945ರಲ್ಲಿಯೇ ಅವನಿಂದ ಮಾತು ತೆಗೆದುಕೊಂಡಿದ್ದನು. ಒಬ್ಬನು ಸಿಡುಕಿದರೆ ಆ ನೆಪದಿಂದ ಇಡೀ ಜನಾಂಗಕ್ಕೆ ಬಾಗಿಲು ಮತ್ತೆ ಮುಚ್ಚಿಹೋಗುವ ಭಯವಿತ್ತು. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಎಬೆಟ್ಸ್ ಫೀಲ್ಡಿನಲ್ಲಿ ಮೊದಲ ಪಂದ್ಯವನ್ನಾಡಿದನು.

ಒಂದು ವಾರದ ಬಳಿಕ, ಏಪ್ರಿಲ್ 22ರಂದು, ಫಿಲಡೆಲ್ಫಿಯದ ತಂಡ ಅಲ್ಲಿಗೆ ಬಂದಿತು. ಅದರ ನಿರ್ವಾಹಕ ಬೆನ್ ಚಾಪ್‌ಮನ್ ಮತ್ತು ಕೆಲವು ಆಟಗಾರರು ರಾಬಿನ್‌ಸನ್ನನ ಬಣ್ಣವನ್ನೂ ಜನಾಂಗವನ್ನೂ ಹಿಡಿದು, ಇಲ್ಲಿ ಬರೆಯಲಾಗದಂಥ ಮಾತುಗಳಿಂದ ಎಡೆಬಿಡದೆ ನಿಂದಿಸಿದರು. ರಾಬಿನ್‌ಸನ್ ತುಟಿ ಬಿಚ್ಚಲಿಲ್ಲ. ತನ್ನ ಸಹನೆ ಅಂದು ಮುರಿಯುವ ಅಂಚಿಗೆ ಬಂದಿತ್ತೆಂಬುದನ್ನು ಅವನು 1972ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಅದೇ ಪಂದ್ಯದ ಎಂಟನೆಯ ಇನ್ನಿಂಗ್ಸಿನಲ್ಲಿ ಅವನು ಚೆಂಡನ್ನು ಹೊಡೆದು ಮೊದಲ ಬೇಸನ್ನು ಮುಟ್ಟಿದನು. ಎಸೆಗಾರನ ಕಣ್ಣು ತಪ್ಪಿಸಿ ಎರಡನೆಯದಕ್ಕೆ ಓಡಿದನು. ಮೂರನೆಯದನ್ನೂ ದಾಟಿ ಮರಳಿದನು. ಆ ಪಂದ್ಯದ ಏಕೈಕ ರನ್ನು ಅದು. ಡಾಡ್ಜರ್ಸ್ 1–0ರಿಂದ ಗೆದ್ದಿತು.

ಚಾಪ್‌ಮನ್ ಕೊಟ್ಟ ಸಮಾಧಾನವನ್ನು ನಾವು ಗಮನಿಸಬೇಕು. ಹೊಸಬರನ್ನು ಕೆಣಕುವುದು ಆಟದ ಹಳೆಯ ವಾಡಿಕೆ. ಬೇರೆ ಬೇರೆ ಮೂಲದ ಆಟಗಾರರೆಲ್ಲರೂ ಇದನ್ನು ಸಹಿಸಿದ್ದಾರೆ ಎಂದು ಅವನು ವಾದಿಸಿದನು. ಅಂದರೆ ಇದೆಲ್ಲ ಬರಿಯ ತಮಾಷೆ ಎಂಬುದು ಅವನ ಮಾತಿನ ಸಾರ. ಇದಕ್ಕೆ ತಕ್ಕ ಉತ್ತರವನ್ನು ಆ ದಿನಗಳಲ್ಲಿಯೇ ರಾಬಿನ್‌ಸನ್ನನ ಸಂಗಡಿಗನಾದ ಎಡ್ಡಿ ಸ್ಟ್ಯಾಂಕಿ ಕೊಟ್ಟಿದ್ದನು. ಅವನು ಎದುರಾಳಿಗಳನ್ನು ಹೇಡಿಗಳೆಂದು ಜರೆದು, ಉತ್ತರ ಕೊಡಬಲ್ಲವನನ್ನು ಕೆಣಕಿ ನೋಡಿ ಎಂದು ಸವಾಲು ಹಾಕಿದನು. ಟೆರಿಯ ಚುಚ್ಚುಮಾತಿಗೂ ಚಾಪ್‌ಮನ್ನನ ನಿಂದೆಗೂ ಇರುವ ಅಂತರವೆಲ್ಲ ಇದರಲ್ಲಿ ಅಡಗಿದೆ. ಟೆರಿ ನಕ್ಕಾಗ ಬ್ರೂಕ್ಲಿನ್ ತಿರುಗಿ ನಗಬಹುದಾಗಿತ್ತು, ನಕ್ಕಿತು ಕೂಡ. ರಾಬಿನ್‌ಸನ್ನನ ಬಾಯಿಯನ್ನು ಕಾಲವೂ ಸಮಾಜವೂ ಕಟ್ಟಿಹಾಕಿದ್ದವು. ಬಾಯಿ ಕಟ್ಟಿದವನ ಮೇಲೆ ಎಸೆದ ಮಾತು ಪರಿಹಾಸವಲ್ಲ.

ಪತ್ರಿಕೆಗಳು ಚಾಪ್‌ಮನ್ನನನ್ನು ಖಂಡಿಸಿದವು. ಮೇ ತಿಂಗಳಿನಲ್ಲಿ ಅವನು ರಾಬಿನ್‌ಸನ್ನನೊಡನೆ ಛಾಯಾಚಿತ್ರಕ್ಕೆ ನಿಂತನು. ಇಬ್ಬರೂ ಕೈಕುಲುಕಲಿಲ್ಲ, ಒಂದೇ ದಾಂಡನ್ನು ಇಬ್ಬರೂ ಹಿಡಿದುಕೊಂಡಿದ್ದರು. ಚಾಪ್‌ಮನ್ ತನಗರಿಯದೆಯೇ ಒಂದು ಉಪಕಾರವನ್ನೂ ಮಾಡಿದ್ದನು: ಅವನ ನಿಂದೆಯು ಡಾಡ್ಜರ್ಸ್ ತಂಡವನ್ನು ರಾಬಿನ್‌ಸನ್ನನ ಬೆನ್ನಿಗೆ ಒಗ್ಗೂಡಿಸಿತೆಂದು ರಿಕಿ ಮುಂದೆ ಹೇಳುತ್ತಿದ್ದನು. ಆ ವರ್ಷ ರಾಬಿನ್‌ಸನ್ನನು ಅತ್ಯುತ್ತಮ ಹೊಸ ಆಟಗಾರನೆಂಬ ಪ್ರಶಸ್ತಿಯನ್ನೂ, 1949ರಲ್ಲಿ ತನ್ನ ಲೀಗಿನ ಅತ್ಯಂತ ಮೌಲಿಕ ಆಟಗಾರನೆಂಬ ಗೌರವವನ್ನೂ ಪಡೆದನು.

ದೇಶದ ಎರಡು ಲೀಗುಗಳ ವಿಜೇತರು ಕೊನೆಯಲ್ಲಿ ಎದುರಾಗುವ ಪಂದ್ಯಾವಳಿಗೆ ವರ್ಲ್ಡ್ ಸೀರೀಸ್ ಎಂದು ಹೆಸರು. 1941, 1947, 1949, 1952 ಮತ್ತು 1953ರಲ್ಲಿ ಡಾಡ್ಜರ್ಸ್ ಅದರಲ್ಲಿ ಯಾಂಕೀಸ್ ತಂಡಕ್ಕೆ ಸೋತಿತು. ಪ್ರತಿ ಸಲವೂ ಬ್ರೂಕ್ಲಿನ್ನಿನವರು, ಬರುವ ವರ್ಷ ನೋಡೋಣವೆಂದು ನಕ್ಕು ಸುಮ್ಮನಾಗುತ್ತಿದ್ದರು. 1955ರ ಅಕ್ಟೋಬರ್ 4ರಂದು ಆ ‘ಬರುವ ವರ್ಷ’ ಬಂದೇಬಂದಿತು. ಜಾನಿ ಪಾಡ್ರಿಸನ ಎಸೆತದ ಬಲದಿಂದ ಡಾಡ್ಜರ್ಸ್ 2–0ರಿಂದ ಗೆದ್ದಿತು. ಮರುದಿನ ಒಂದು ಪತ್ರಿಕೆಯ ಮುಖಪುಟದಲ್ಲಿ ಹಲ್ಲುಕಿರಿದು ನಗುವ ಅಲೆಮಾರಿಯ ಚಿತ್ರ ಅಚ್ಚಾಯಿತು. ಯಾರು ‘ಬಮ್’ ಎಂಬ ಅರ್ಥದ ಪ್ರಶ್ನೆಯೇ ಅದರ ಶೀರ್ಷಿಕೆ.

1957ರ ಋತುವಿನ ನಂತರ ತಂಡವು ಲಾಸ್ ಏಂಜಲೀಸಿಗೆ ಹೊರಟುಹೋಯಿತು. 1960ರಲ್ಲಿ ಎಬೆಟ್ಸ್ ಫೀಲ್ಡನ್ನು ಕೆಡವಿದರು. ಹಿಲ್ಡಾಳ ಗಂಟೆ ಮೊಳಗಿದ ಜಾಗದಲ್ಲಿ ವಸತಿಗೃಹಗಳು ಎದ್ದವು. ಆದರೆ 1997ರಲ್ಲಿ ರಾಬಿನ್‌ಸನ್ ಧರಿಸುತ್ತಿದ್ದ 42 ಎಂಬ ಸಂಖ್ಯೆಯನ್ನು ಅವನ ಗೌರವಾರ್ಥವಾಗಿ ಎಲ್ಲ ತಂಡಗಳಲ್ಲಿಯೂ ಮುಡಿಪಾಗಿಟ್ಟರು. ಈಗ ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದೇ ಸಂಖ್ಯೆಯ ಅಂಗಿಯನ್ನು ತೊಡುತ್ತಾರೆ. 2016ರಲ್ಲಿ ಫಿಲಡೆಲ್ಫಿಯದ ನಗರಸಭೆಯು, ತನ್ನ ಊರಿನಿಂದ ರಾಬಿನ್‌ಸನ್ನನಿಗಾದ ಅವಮಾನಕ್ಕಾಗಿ ಕ್ಷಮೆ ಕೋರುವ ನಿರ್ಣಯವನ್ನು ಅಂಗೀಕರಿಸಿತು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಸುಮಾರು ಎಪ್ಪತ್ತು ವರ್ಷಗಳು ಹಿಡಿದವು. ಅದನ್ನು ಕೇಳಲು ರಾಬಿನ್‌ಸನ್ ಬದುಕಿರಲಿಲ್ಲ.

ನಾವೂ ಗೆಳೆಯರೊಡನೆ ಆಟವನ್ನು ನೋಡುತ್ತೇವೆ, ನಗುತ್ತೇವೆ, ಕೆಣಕುತ್ತೇವೆ. ನಗುವಿಲ್ಲದ ಆಟ ಉಪ್ಪಿಲ್ಲದ ಊಟದಂತೆ. ಆದರೆ ಚಟಾಕಿ ಹಾರಿಸುವ ಮುನ್ನ ಎದುರಿಗಿರುವವನ ಮುಖವನ್ನೊಮ್ಮೆ ನೋಡುವುದು ಒಳ್ಳೆಯದು. ಅವನೂ ನಗುತ್ತಿದ್ದರೆ ಮಾತು ಮುಂದುವರಿಯಲಿ.

ಶಬ್ದಾರ್ಥ

ಕಟ್ಟಳೆ – ನಿಯಮ. ದಾಂಡಿಗ – ದಾಂಡು ಹಿಡಿದು ಆಡುವವನು. ಪರಿಹಾಸ – ವಿನೋದದ ಮಾತು. ಪ್ರಹಸನ – ಹಾಸ್ಯದ ಕಿರುನಾಟಕ. ವಾಡಿಕೆ – ರೂಢಿ. ಜರೆ – ನಿಂದಿಸು. ಮುಡಿಪು – ಮೀಸಲು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ‘ಡಾಡ್ಜರ್ಸ್’ ಎಂಬ ಹೆಸರು ಹೇಗೆ ಬಂದಿತು?
2. ಆಟಗಾರರು ಹಿಲ್ಡಾ ಚೆಸ್ಟರಳಿಗೆ ಕೊಟ್ಟ ಕಾಣಿಕೆ ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಬಿಲ್ ಟೆರಿಯ ಮಾತಿಗೆ ಬ್ರೂಕ್ಲಿನ್ ಕೊಟ್ಟ ಉತ್ತರವೇನು?
2. ರಾಬಿನ್‌ಸನ್ ನಿಂದೆಗೆ ಎದುರುತ್ತರ ಕೊಡದಿದ್ದುದು ಏಕೆ?

ಇ. “ಬಾಯಿ ಕಟ್ಟಿದವನ ಮೇಲೆ ಎಸೆದ ಮಾತು ಪರಿಹಾಸವಲ್ಲ” – ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ನಿಯಮಗಳಿಲ್ಲ, ಪಂದ್ಯವನ್ನು, ಮರ್ಯಾದೆಯುಂಟು.