ಆಸ್ಟ್ರಿಯಾ ಜರ್ಮನಿ ಒಂದಾದ ಕಥೆ

ಆಸ್ಟ್ರಿಯಾ ಮತ್ತು ಜರ್ಮನಿ ಎರಡೂ ಕಡೆ ಜರ್ಮನ್ ಭಾಷೆಯೇ. ಹಾಗಾದ್ರೆ ಎರಡೂ ಒಂದಾದರೆ ತಪ್ಪೇನು ಅಂತ ನಾನು ಮೊದಲು ಅಂದುಕೊಂಡಿದ್ದೆ.

ಒಂದನೇ ಮಹಾಯುದ್ಧದಲ್ಲಿ ಸೋತು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆಯಿತು. ಉಳಿದ ಚಿಕ್ಕ ಆಸ್ಟ್ರಿಯಾದಲ್ಲಿ ಆಹಾರಕ್ಕೂ ಕಲ್ಲಿದ್ದಲಿಗೂ ಕಷ್ಟ. 1918ರ ನವೆಂಬರ್ 12ರಂದು ಅಲ್ಲಿನ ರಾಷ್ಟ್ರೀಯ ಸಭೆಯೇ ತಮ್ಮ ದೇಶ ಜರ್ಮನ್ ಗಣರಾಜ್ಯದ ಭಾಗ ಎಂದು ಘೋಷಿಸಿತು. ಆದರೆ ಜರ್ಮನಿ ಇನ್ನೂ ದೊಡ್ಡದಾದೀತು ಎಂದು ಫ್ರಾನ್ಸಿಗೆ ಭಯ. ರಾಷ್ಟ್ರಸಂಘದ ಒಪ್ಪಿಗೆಯಿಲ್ಲದೆ ಸೇರಬಾರದು ಎಂದು 1919ರ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಬರೆಸಿದರು. 1921ರಲ್ಲಿ ಟಿರೋಲ್ ಪ್ರಾಂತ್ಯದ ಜನ ತಾವಾಗಿಯೇ ಮತ ಹಾಕಿದರು. ನೂರಕ್ಕೆ 98ಕ್ಕಿಂತ ಹೆಚ್ಚು ಮತ ಸೇರೋಣ ಎಂದೇ ಬಂತು. ಆದರೂ ಸೇರಲು ಬಿಡಲಿಲ್ಲ.

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಆಗ ಆಸ್ಟ್ರಿಯಾದ ಸಮಾಜವಾದಿಗಳು ಸೇರುವ ಬೇಡಿಕೆ ಕೈಬಿಟ್ಟರು. ಸ್ವತಂತ್ರವಾಗಿ ಉಳಿಯೋಣವೇ ಎಂದು ಜನರನ್ನು ಕೇಳಲು ಚಾನ್ಸಲರ್ ಶುಷ್ನಿಗ್ 1938ರ ಮಾರ್ಚ್ 13ನ್ನು ಗೊತ್ತುಮಾಡಿದನು. ಹಿಟ್ಲರ್ ಬೆದರಿಸಿ ಅದನ್ನು ನಿಲ್ಲಿಸಿದನು. 12ರಂದೇ ಸೈನ್ಯ ಒಳಗೆ ಬಂತು. ಬೀದಿಯಲ್ಲಿ ಬಹಳ ಜನ ಜೈಕಾರ ಹಾಕಿದ್ದೂ ನಿಜ. ಆದರೆ ವಿಯೆನ್ನಾದ ಅಂಥ ಬೀದಿಗಳಲ್ಲೇ ಯೆಹೂದ್ಯರನ್ನು ಮಂಡಿಯೂರಿಸಿ ನೆಲ ಉಜ್ಜಿಸಿದರು.

ಏಪ್ರಿಲ್ 10ರಂದು ಮತದಾನ ನಡೆಯಿತು. ಚೀಟಿಯಲ್ಲಿ ‘ಹೌದು’ ಎಂಬುದಕ್ಕೆ ದೊಡ್ಡ ವೃತ್ತ, ‘ಇಲ್ಲ’ ಎಂಬುದಕ್ಕೆ ಪುಟ್ಟ ವೃತ್ತ! ಯೆಹೂದ್ಯರಿಗೆ ಮತವೇ ಇಲ್ಲ. ನೂರಕ್ಕೆ 99ಕ್ಕೂ ಹೆಚ್ಚು ‘ಹೌದು’ ಎಂದು ಸಾರಿದರು.

ಗೆಳೆಯರೇ, 98 ಮತ್ತು 99 ನೋಡೋಕೆ ಒಂದೇ ಥರ. ಆದರೆ ಎರಡನೇ ಸಲ ‘ಇಲ್ಲ’ ಅನ್ನೋಕೆ ಜನರಿಗೆ ಧೈರ್ಯ ಎಲ್ಲಿತ್ತು? ತಾವಾಗಿ ಒಂದಾಗುವುದು ಬೇರೆ, ಹೆದರಿಸಿ ಒಂದು ಮಾಡುವುದು ಬೇರೆ. 1945ರಲ್ಲಿ ಆಸ್ಟ್ರಿಯಾ ಮತ್ತೆ ಬೇರೆಯಾಯಿತು. ಇಂದಿಗೂ ಬೇರೆ ದೇಶವಾಗಿಯೇ ಇದೆ.

– 7ನೇ ತರಗತಿ